ಗೊಬ್ರ ನಿಲ್ಸಿದ್ರೆ ಸಾಕಾ, ಬೀಜ ಬ್ಯಾಡ್ವಾ?

ಈಗ ಯಾರ ಮನೆ ಜಗಲಿ ಮ್ಯಾಲೆ ಕೂತ್ರೂ ಸಾವಯವದ್ದೇ ಮಾತು. ಬೆಲ್ಲ ಸಾವಯವ, ಅಕ್ಕಿ ಸಾವಯವ, ಬೆಂಗಳೂರಿಂದ ಬರೋ ಮಕ್ಕಳು ತರೋ ಬಿಸ್ಕತ್ತು ಪೊಟ್ಟಣದ ಮ್ಯಾಲೂ ಒಂದು ಹಸಿರು ಎಲೆ. ಸಂತೋಷ ಕಣ್ರೇ, ಬ್ಯಾಡ ಅನ್ನಲ್ಲ. ಆದ್ರೆ ಇಷ್ಟು ಮಾತಾಡೋರಲ್ಲಿ ಒಬ್ರೂ ಬೀಜದ ವಿಚಾರ ಎತ್ತಲ್ಲ. ಸರ್ಕಾರಿ ಗೊಬ್ರ ನಿಲ್ಸಿ, ಔಷಧಿ ನಿಲ್ಸಿ, ಕೊಟ್ಟಿಗೆ ಗೊಬ್ರ ಹಾಕಿ ಅಂತಾರೆ. ಸರಿ, ಹಾಕಿದ್ವಿ. ಆ ನೆಲಕ್ಕೆ ಯಾವ ಬೀಜ ಬಿಡ್ಬೇಕು? ಸರ್ಕಾರಿ ಗೊಬ್ರ ತಿಂದೇ ತಯಾರಾದ ತಳಿ ತಂದು ಕೊಟ್ಟಿಗೆ ಗೊಬ್ರದ ಹೊಲಕ್ಕೆ ಬಿಟ್ರೆ ಅದಾದ್ರೂ ಏನು ಮಾಡ್ಬೇಕು ಪಾಪ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ, ಬೈಯೋರು ಆಮೇಲೆ ಬೈಯಿರಿ. ಸಾವಯವಕ್ಕೆ ಅಂತಲೇ ಬೇರೆ ತಳಿ ಬೇಕು. ಅಜ್ಜಿ ಕಾಲದ್ದನ್ನ ಹಂಗೇ ಎತ್ಕಂಡು ಬಂದ್ರೂ ಸಾಲಲ್ಲ. ಸರ್ಕಾರಿ ಗೊಬ್ರ ಬೀಳದ ಹೊಲದಲ್ಲೇ ಇಟ್ಟು, ಹೊಸದಾಗಿ, ಬೇಕು ಅಂತ ಮಾಡ್ಬೇಕು. ಮಾಡುವಾಗ ಕಾಳು ಒಂದೇ ತೂಗಬಾರ್ದು. ಹುಲ್ಲೂ ತೂಗ್ಬೇಕು, ಮುದ್ದೆ ಕಟ್ಟಿ ಉಂಡು ನೋಡ್ಬೇಕು, ತೆನೆ ಆರಿಸೋ ಜಾಗದಲ್ಲಿ ನಮ್ಮಂಥ ಹೆಂಗಸ್ರು ನಿಂತಿರ್ಬೇಕು.

ನಮ್ಮ ದೇವನೂರು ಅಂದ್ರೆ ಹೊರಗಿನೋರಿಗೆ ಜೈಮಿನಿ ಭಾರತದ ಲಕ್ಷ್ಮೀಶ ಕವಿ ಊರು. ನಮಗೆ ಇದು ಮಳೆ ಕಾಯೋ ಊರು. ಬಾಬಾಬುಡನ್ ಗಿರಿ ಆಚೆ ಕಡೆ ಸುರೀತಾ ಇದ್ರೆ ಈಚೆ ಕಡೆ ನಮಗೆ ಬರೀ ಗಾಳಿ. ಕಡೂರು ಸೀಮೆ ಹೆಣ್ಣುಮಕ್ಕಳಿಗೆ ಇದನ್ನ ಬಿಡಿಸಿ ಹೇಳೋದು ಬ್ಯಾಡ. ನಮ್ಮ ಮಾವನವರು ಬಿಟ್ಟ ನಾಲ್ಕು ಎಕರೇಲಿ ಮೈದುನನ ಪಾಲಿನ ಎರಡು ಎಕರೆಗೆ ಬೋರು ಬಿತ್ತು, ಅಡಿಕೆ ಬಂತು. ನಮ್ಮ ಪಾಲಿನ ಎರಡು ಎಕರೆ ಇನ್ನೂ ರಾಗಿ ಹೊಲವಾಗೇ ಐತೆ. ಅದೂ ಅಡಿಕೆ ಆಗ್ಬೇಕಾ ಬ್ಯಾಡ್ವಾ ಅಂತ ಹೋದ ವರ್ಷದಿಂದ ಮನೇಲಿ ಮಾತು ನಡೀತಾ ಐತೆ. ರಾಗೀಲಿ ಏನು ಸಿಗುತ್ತೆ ಅನ್ನೋ ಪ್ರಶ್ನೆಗೆ ಉತ್ರ ಕೊಡ್ಬೇಕಾದೋಳು ನಾನು, ಯಾಕಂದ್ರೆ ಬ್ಯಾಡ ಅಂತ ಅಡ್ಡ ನಿಂತಿರೋಳು ನಾನೇ.

ಆ ಎರಡು ಎಕರೆಗೆ ಸರ್ಕಾರಿ ಗೊಬ್ರ ನಿಲ್ಸಿ ಆರು ವರ್ಷ ಆಯ್ತು. ಮೊದಲ್ನೇ ವರ್ಷ ಒಂದು ಕಡೆಯಿಂದ ಬೀಜದ ಚೀಲ ತಂದ್ವಿ. ಒಳ್ಳೆ ತಳಿ, ಪಕ್ಕದ ಹೊಲದೋರು ಯೂರಿಯಾ ಡಿಎಪಿ ಹಾಕಿ ಅದೇ ಬೀಜದಲ್ಲಿ ಚೆನ್ನಾಗೇ ಬೆಳೆದ್ರು. ನಮ್ಮ ಹೊಲದಲ್ಲಿ ಮೊಣಕಾಲುದ್ದಕ್ಕೆ ನಿಂತುಬಿಡ್ತು. ಎಲೆ ಸಣ್ಣ, ತೆಂಡೆ ಕಮ್ಮಿ, ಸಾಲಿನ ನಡುವೆ ಬಿಸಿಲು ನೇರವಾಗಿ ನೆಲಕ್ಕೆ ಬೀಳೋದು. ಬಿಸಿಲು ಬಿದ್ರೆ ಕಳೆ ಬಿಡುತ್ತಾ? ಮೂರು ಸಲ ಕಳೆ ತೆಗೆಸಿದ್ವಿ, ಆಳಿನ ಕೂಲಿಗೇ ಎಲ್ಲಾ ಹೋಯ್ತು. ಒಕ್ಕಿದ ಮ್ಯಾಲೆ ಎರಡೂ ಎಕರೆ ಸೇರಿ ಏಳು ಕ್ವಿಂಟಲ್. ಅದನ್ನೂ ತಡ್ಕಬೋದಿತ್ತು. ಹುಲ್ಲಿನ ಬಣವೆ ನನ್ನ ಎದೆ ಮಟ್ಟಕ್ಕೆ ನಿಂತಿತ್ತು. ಶಿವರಾತ್ರಿ ಹೊತ್ತಿಗೆ ಹುಲ್ಲು ಮುಗೀತು. ಒಂದು ಲೋಡು ಹುಲ್ಲಿನ ರೇಟು ಕೇಳಿ ನಮ್ಮನೆಯವ್ರು ಸುಮ್ಮನೆ ಕೂತ್ಕಂಡ್ರು. ಯುಗಾದಿ ಕಳೆದ ಮ್ಯಾಲೆ ಎರಡು ಹಸದಲ್ಲಿ ಒಂದನ್ನ ಕೊಟ್ಟುಬಿಟ್ವಿ.

ನೋಡಿ, ಇದು ಯಾವ ಪುಸ್ತಕದಲ್ಲೂ ಬರಲ್ಲ. ಬೀಜ ಗಿಡ್ಡ ಆಯ್ತು ಅಂತ ಹಸ ಮಾರಿದ್ವಿ. ಹಸ ಹೋಯ್ತು ಅಂದ್ರೆ ಗೊಬ್ರ ಹೋಯ್ತು. ಗೊಬ್ರ ಇಲ್ಲ ಅಂದ್ರೆ ಮುಂದಿನ ವರ್ಷ ರಾಗಿ ಇನ್ನೂ ಗಿಡ್ಡ. ಸಾವಯವ ಅನ್ನೋದು ಹೊಲ, ಕೊಟ್ಟಿಗೆ, ತಿಪ್ಪೆ ಮೂರೂ ಸೇರಿದ ಸಂಸಾರ. ಅದರಲ್ಲಿ ಹುಲ್ಲು ಅನ್ನೋದು ದನದ ಊಟ. ಬರೀ ಕಾಳು ಲೆಕ್ಕ ಹಾಕಿ ಮಾಡಿದ ತಳಿ ಈ ಸಂಸಾರಕ್ಕೆ ಒಗ್ಗಲ್ಲ.

ನಮ್ಮ ತಮ್ಮನ ಮಗ ಕೃಷಿ ಡಿಪ್ಲೊಮಾ ಓದ್ದೋನು. ಹಬ್ಬಕ್ಕೆ ಬಂದಾಗ ಅವನ್ನ ಕೂರಿಸ್ಕಂಡು ಕೇಳ್ದೆ, ಯಾಕಪ್ಪಾ ಹಿಂಗಾಯ್ತು ಅಂತ. ಅವನು ಹೇಳಿದ್ದು ನನಗೆ ಅರ್ಥ ಆದ ಹಂಗೆ ಹೇಳ್ತೀನಿ. ಹೊಸ ತಳಿ ಮಾಡೋ ಕಡೆ ಹತ್ತಾರು ರಾಗೀನ ಸಣ್ಣ ಸಣ್ಣ ತಾಕಿನಲ್ಲಿ ಬಿತ್ತಿ, ಶಿಫಾರಸು ಮಾಡಿದಷ್ಟು ಗೊಬ್ರ ಕೊಟ್ಟು, ಯಾವ್ದು ಜಾಸ್ತಿ ಕಾಳು ಕೊಡುತ್ತೋ ಅದನ್ನ ಆರಿಸ್ತಾರೆ. ಮಳೆಯಾಶ್ರಯದ ರಾಗಿಗೆ ಹೆಕ್ಟೇರಿಗೆ 50 ಕೆ.ಜಿ. ಸಾರಜನಕ, 40 ಕೆ.ಜಿ. ರಂಜಕ ಅಂತ ಶಿಫಾರಸು. ಹಂಗೆ ಉಂಡು ಮೊದಲ್ನೇ ಸ್ಥಾನ ಬಂದ ಗಿಡ, ಉಣ್ಣದೇ ಇದ್ದ ಕಡೆ ಮೊದಲ್ನೇದೇ ಆಗುತ್ತೆ ಅಂತ ಏನೂ ಇಲ್ಲ. ಅಲ್ಲಿ ಏಳ್ನೇ ಸ್ಥಾನ ಬಂದಿದ್ದು ಇಲ್ಲಿ ಎರಡ್ನೇದು ಆಗ್ಬೋದು, ಅಲ್ಲಿ ಮೊದಲ್ನೇದು ಇಲ್ಲಿ ಹಿಂದೆ ಬೀಳ್ಬೋದು. ನಮ್ಮ ಅಡಿಗೆ ಮನೇಲೇ ನೋಡಿ, ಗ್ಯಾಸ್ ಒಲೆಗೆ ಅಂತ ತಂದ ತೆಳ್ಳನೆ ಸ್ಟೀಲ್ ಪಾತ್ರೇನ ಸೌದೆ ಒಲೆ ಮ್ಯಾಲೆ ಇಟ್ರೆ ತಳ ಹಿಡಿಯುತ್ತೆ. ಪಾತ್ರೆ ಕೆಟ್ಟದ್ದು ಅಂತಲ್ಲ. ಅದನ್ನ ಮಾಡಿದ್ದು ಬೇರೆ ಒಲೆಗೆ.

ಸರ್ಕಾರಿ ಗೊಬ್ರ ನೀರು ಬಿದ್ದ ತಕ್ಷಣ ಕರಗಿ ಬೇರಿಗೆ ಸಿಗುತ್ತೆ. ಕೊಟ್ಟಿಗೆ ಗೊಬ್ರ ಹಂಗಲ್ಲ, ಮಣ್ಣಿನ ಜೀವಗಳು ಅದನ್ನ ನಿಧಾನಕ್ಕೆ ಬಿಡಿಸಿ ಕೊಡ್ಬೇಕು. ಅಲ್ಲೀತನಕ ಗಿಡ ತಾನೇ ಆಳಕ್ಕೆ ಬೇರು ಬಿಟ್ಟು ಹುಡುಕ್ಕಂಡು ತಿನ್ಬೇಕು. ಅಂದ್ರೆ ನಮಗೆ ಬೇಕಾಗಿರೋದು ಮೊದಲ ತಿಂಗಳಲ್ಲೇ ಬೇರು ಇಳಿಸೋ ಗಿಡ. ಎಲೆ ಅಗಲ ಬಿಟ್ಟು ಬೇಗ ನೆಲ ಮುಚ್ಚೋ ಗಿಡ, ಕಳೆಗೆ ಬಿಸಿಲು ಸಿಗದ ಹಂಗೆ. ಸಾಲಿಗೊಂದು ಅಕ್ಕಡಿ ಅವರೆ, ತೊಗರಿ, ಹುಚ್ಚೆಳ್ಳು ಬಿಟ್ರೆ ಅವುಗಳ ಜೊತೆ ಹೊಂದ್ಕಂಡು ಹೋಗೋ ಗಿಡ. ಇನ್ನು ಎತ್ತರದ ಮಾತು. ಗೋಧಿ, ಭತ್ತಾನ 1960ರ ದಶಕದಲ್ಲಿ ಗಿಡ್ಡ ಮಾಡಿದ್ದು ಯಾಕೆ? ಉದ್ದನೆ ಪೈರು ಸರ್ಕಾರಿ ಗೊಬ್ರ ತಿಂದು ಕೊಬ್ಬಿ ಮಲಗಿಬಿಡ್ತಿತ್ತು ಅಂತ. ಕೊಬ್ಬೋಷ್ಟು ಗೊಬ್ರವೇ ಹಾಕದ ಹೊಲದಲ್ಲಿ ಆ ಭಯ ಕಮ್ಮಿ. ಮತ್ಯಾಕೆ ನಾವು ಗಿಡ್ಡ ಇಟ್ಕಬೇಕು?

ಯಾವ ಕೆಲಸಕ್ಕೆ ಅಂತ ಮೊದಲೇ ಹೇಳಿ ತಳಿ ಮಾಡೋದು ನಮ್ಮ ಸೀಮೆಗೆ ಹೊಸದಲ್ಲ. ಅಜ್ಜಂಪುರದ ಅಮೃತಮಹಲ್ ಕೇಂದ್ರ ನೋಡಿಲ್ವಾ? ಆ ದನ ಮೈಸೂರು ಒಡೆಯರ ಕಾಲದ ಬೆಣ್ಣೆ ಚಾವಡಿಯದ್ದು, ಟಿಪ್ಪು ಕಾಲಕ್ಕೆ ಅಮೃತಮಹಲ್ ಅಂತ ಹೆಸರಾಯ್ತು. ದಂಡಿನ ಸಾಮಾನು ಎಳ್ಕಂಡು ಬಿಸಿಲು, ಹಸಿವು ತಡ್ಕಂಡು ಓಡ್ಬೇಕು ಅಂತ, ಕಾವಲಿನ ಒಣ ಹುಲ್ಲಲ್ಲೇ ಬಿಟ್ಟು ತಲೆತಲಾಂತರದಿಂದ ಆರಿಸಿದ ತಳಿ ಅದು. ಹಾಲು ಕೊಡಲ್ಲ ಅಂತ ಅದನ್ನ ಬೈದ್ರೆ ಬೈದೋರಿಗೇ ಬುದ್ಧಿ ಇಲ್ಲ ಅಂತೀನಿ. ಹಿಂಡಿ ಬೂಸಾ ಹಾಕಿ ಸಾಕಿ ಆರಿಸಿದ್ರೆ ಆ ಕಾಲು, ಆ ಗತ್ತು ಬರ್ತಿತ್ತಾ?

ಇಷ್ಟು ಹೇಳಿದ ಮ್ಯಾಲೆ ನೀವು ಅನ್ಕಬಾರ್ದು, ಈಯಮ್ಮ ವಿಜ್ಞಾನಿಗಳನ್ನ ಬೈತಾಳೆ ಅಂತ. ರಾಗಿ ವಿಚಾರದಲ್ಲಿ ನಮ್ಮ ಕನ್ನಡ ನಾಡಷ್ಟು ಕೆಲಸ ಮಾಡ್ದೋರು ಕಮ್ಮಿ. ಕೋಲ್ಮನ್ ಸಾಹೇಬ್ರು ಕೃಷಿ ಇಲಾಖೆ ನಿರ್ದೇಶಕರಾಗಿದ್ದ ಕಾಲಕ್ಕೇ, 1918ರಲ್ಲಿ, ಎಚ್-22 ಅನ್ನೋ ರಾಗಿ ತಳಿ ಮೈಸೂರು ಸೀಮೆಗೆ ಬಂತು. ಆಮೇಲೆ ಬಂದೋರು ಲಕ್ಷ್ಮಣಯ್ಯನವರು, ಜನ ರಾಗಿ ಲಕ್ಷ್ಮಣಯ್ಯ ಅಂತಲೇ ಕರೆಯೋರು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ಅವರು ಮಾಡಿದ ಕೆಲಸ ಕೇಳಿದ್ರೆ ಕೈ ಮುಗೀಬೇಕು ಅನ್ಸುತ್ತೆ.

ರಾಗಿ ಹೂವು ನೋಡಿದೀರಾ ಯಾರಾದ್ರೂ? ನಾವು ಹುಟ್ಟಿದಾಗಿಂದ ರಾಗಿ ತಿಂದೋರು, ನಾನಂತೂ ನೋಡಿರ್ಲಿಲ್ಲ. ಸಾಸಿವೆ ಕಾಳಿಗಿಂತ ಚಿಕ್ಕದು. ಅದು ಅರಳೋದು ನಡುರಾತ್ರಿ ಕಳೆದು ಬೆಳಗಿನ ಜಾವದೊಳಗೆ. ಅರಳೋ ಹೊತ್ತಿಗೇ ತನ್ನ ಪರಾಗ ತಾನೇ ಉದುರಿಸ್ಕಂಡು ಕಾಳು ಕಟ್ಟೋಕೆ ಶುರು ಮಾಡಿರುತ್ತೆ, ಹೊರಗಿನೋರಿಗೆ ಜಾಗವೇ ಇಲ್ಲ. ಒಂದರ ಪರಾಗ ಇನ್ನೊಂದಕ್ಕೆ ಕೈಯಿಂದ ಸೇರಿಸೋದು ಅಂದ್ರೆ ಆಗದ ಮಾತು. ಅದಕ್ಕೆ ಒಂದು ಉಪಾಯ ಅಂತೆ. ಹಸಿರು ಕಡ್ಡಿ ರಾಗೀನ ತಾಯಿ ಮಾಡಿ, ನೇರಳೆ ಬಣ್ಣದ ರಾಗೀನ ತಂದೆ ಮಾಡಿ, ಎರಡರ ತೆನೇನೂ ಅರಳೋಕೆ ಮುಂಚೆ ಒಟ್ಟಿಗೆ ಕಟ್ಟಿ ಮ್ಯಾಲೆ ಕಾಗದದ ಚೀಲ ಮುಚ್ಚೋದು. ಆ ತಾಯಿ ತೆನೆಯ ಕಾಳು ಬಿತ್ತಿದಾಗ ನೂರಾರು ಹಸಿರು ಸಸಿ ಮಧ್ಯೆ ಎಲ್ಲೋ ಒಂದೆರಡು ನೇರಳೆ ಸಸಿ ಕಾಣುತ್ತೆ. ಅದೇ ಸೇರಿಕೆ ಆದ ಮಗು, ಉಳಿದಿದ್ದೆಲ್ಲಾ ಬರೀ ತಾಯಿದೇ. ಇಂಥ ಕಷ್ಟದ ಗಿಡದಲ್ಲಿ ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿದ್ರು ಲಕ್ಷ್ಮಣಯ್ಯ. ಇಂಡಿಯಾದ ಇಂಡು, ಆಫ್ರಿಕಾದ ಆಫ್ ಸೇರಿ ಇಂಡಾಫ್ ಅಂತ ಹೆಸರು. 1970ರ ದಶಕದಲ್ಲಿ ಊರೂರಿಗೆ ಬಂತು. ನಮ್ಮಮ್ಮ 'ಇಂಡಾಪು ರಾಗಿ' ಅಂತಿದ್ಲು, ನನಗದು ಯಾವ್ದೋ ಊರಿನ ಹೆಸರು ಅನ್ಸೋದು. ಈಗ ಎಲ್ಲರ ಬಾಯಲ್ಲಿರೋ ಜಿಪಿಯು-28 ಕೂಡ ಆ ಇಂಡಾಫ್ ಮನೆತನದ್ದೇ, ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ್ದು. ಬೆಂಕಿ ರೋಗ, ಇಲುಕು ರೋಗ ತಡ್ಕಳ್ಳುತ್ತೆ. ರೋಗಕ್ಕೆ ಔಷಧಿ ಹೊಡೆಯದ ಸಾವಯವದೋರಿಗೆ ಈ ಗುಣ ಬಂಗಾರ ಕಣ್ರೇ, ಅದನ್ನ ಬಿಟ್ಟುಕೊಡೋದು ಬ್ಯಾಡವೇ ಬ್ಯಾಡ.

ಅದಕ್ಕೇ ನಾಟಿ ತಳಿ ಎಲ್ಲಾ ಅಮೃತ, ಹೊಸದೆಲ್ಲಾ ವಿಷ ಅನ್ನೋರ ಜೊತೆಗೂ ನನಗೆ ಜಗಳ. ಹಳೇ ರಾಗಿ ಹೆಸರು ಕೇಳೋಕೇ ಚೆಂದ: ಹುಲ್ಲುಬಿಳಿ, ಉಂಡೆ ರಾಗಿ, ಕರಿಗಿಡ್ಡ, ಎಡಗು, ರುದ್ರಜಡೆ, ಜೇನುಮುಷ್ಟಿ. ನನ್ನ ತವರಲ್ಲಿ ಹುಲ್ಲುಬಿಳಿ ಇತ್ತು, ಬಣವೆ ಮನೆ ಸೂರಿನಷ್ಟು ಎತ್ತರ ಬರೋದು. ಆದ್ರೆ ಒಂದು ವರ್ಷ ಚಿತ್ತೆ ಮಳೆ ಹಿಡ್ಕಂಡು ಇಲುಕು ರೋಗ ಬಿದ್ದು, ತೆನೆ ಎಲ್ಲಾ ಜೊಳ್ಳಾಗಿ, ನಮ್ಮಪ್ಪ ಕಣದಲ್ಲಿ ರಾಶಿ ಮುಂದೆ ನಿಂತು ಒಂದು ಮಾತೂ ಆಡದೇ ಒಳಗೆ ಹೋಗಿದ್ದು ನಾನು ಕಂಡಿದೀನಿ. ಆ ವರ್ಷ ನಮ್ಮಕ್ಕನ ಮದುವೆ ಮುಂದಕ್ಕೆ ಹೋಯ್ತು. ಹಳೇ ಕಾಲ ಅಂದ್ರೆ ಅದೂ ಸೇರಿತ್ತು.

ಹಳೇ ಬೀಜ ಉಳಿಸಿರೋರ ಮ್ಯಾಲೆ ನನಗೆ ಭಾರಿ ಗೌರವ. ಮಳವಳ್ಳಿ ಹತ್ರ ಕಿರುಗಾವಲಿನ ಸಯ್ಯದ್ ಘನಿ ಖಾನ್ ಅವರು ಸಾವಿರದ ಮ್ಯಾಲೆ ಭತ್ತದ ತಳಿ ಇಟ್ಟಿದಾರೆ. ಬೆಂಗಳೂರಿನ ಸಹಜ ಸಮೃದ್ಧದೋರು ಊರೂರಲ್ಲಿ ಬೀಜ ಮೇಳ ಮಾಡ್ತಾರೆ. ಅವರೆಲ್ಲಾ ಇಲ್ಲದಿದ್ರೆ ಇವತ್ತು ಮಾತಾಡೋಕೂ ಏನೂ ಉಳೀತಿರ್ಲಿಲ್ಲ. ಆದ್ರೆ ಡಬ್ಬೀಲಿ ಉಳಿದ ಬೀಜ ಒಂದು ಬಂಡವಾಳ ಅಷ್ಟೇ. ಹುಲ್ಲುಬಿಳಿಯ ಹುಲ್ಲು, ಜಿಪಿಯು-28ರ ರೋಗ ತಡ್ಕಳ್ಳೋ ಗುಣ ಎರಡೂ ಒಂದೇ ಗಿಡದಲ್ಲಿ ಬರೋ ಹಂಗೆ ಸೇರಿಸಿ, ಆ ಮಕ್ಕಳನ್ನ ಗೊಬ್ರ ಇಲ್ಲದ ಹೊಲದಲ್ಲಿ ಆರೇಳು ತಲೆಮಾರು ಬೆಳೆಸಿ ಆರಿಸಿದ್ರೆ ಆವಾಗ ಅದು ನಮ್ಮ ತಳಿ.

ಇದೇನು ನನ್ನ ತಲೇಲಿ ಹುಟ್ಟಿದ್ದಲ್ಲ. ರಾಗಿಗೆ ಅಲ್ಲದಿದ್ರೂ ಹತ್ತಿಗೆ ನಮ್ಮ ರಾಜ್ಯದಲ್ಲೇ ಈ ಕೆಲಸ ಶುರುವಾಗಿತ್ತು. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ತಲ್ಲ, ಹತ್ತು ವರ್ಷದೊಳಗೆ ದೇಶದ ಹತ್ತಿ ಹೊಲದಲ್ಲಿ ನೂರಕ್ಕೆ ತೊಂಬತ್ತರ ಹತ್ರ ಅದೇ ಆಗೋಯ್ತು. ಸಾವಯವ ಸರ್ಟಿಫಿಕೇಟಿಗೆ ಬಿಟಿ ಬೀಜ ನಡೆಯಲ್ಲ. ಸಾವಯವ ಹತ್ತಿ ಬೆಳೀತೀನಿ ಅಂತ ಹೊರಟ ರೈತರಿಗೆ ಅಂಗಡೀಲಿ ಬಿತ್ತೋಕೆ ಬೀಜವೇ ಇಲ್ಲ! 2011ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಅಂತಲೇ ದೊಡ್ಡ ಸಭೆ ಸೇರಿತ್ತು. ಆಮೇಲೆ ವಿಶ್ವವಿದ್ಯಾಲಯ, ಸಹಜ ಸಮೃದ್ಧ, ಸ್ವಿಟ್ಜರ್ಲೆಂಡಿನ ಸಾವಯವ ಸಂಶೋಧನಾ ಸಂಸ್ಥೆ ಸೇರ್ಕಂಡು ರೈತರ ಹೊಲದಲ್ಲೇ ಹತ್ತಿ ತಳಿ ಇಟ್ಟು, ರೈತರ ಕೈಲೇ ಗಿಡ ನೋಡ್ಸಿ, ಯಾವ್ದು ಚೆನ್ನಾಗೈತೆ ಅಂತ ಕೇಳಿ ಆರಿಸೋ ಕೆಲಸ ನಡೀತು. ಗಿಡ ನೋಡಿದ ಮ್ಯಾಲೆ ಎಳೆ ಉದ್ದ, ಗಟ್ಟಿತನ ಬೇರೆ ಪರೀಕ್ಷೆ, ಯಾಕಂದ್ರೆ ಕೊನೆಗೆ ನೂಲೋರು ಒಪ್ಬೇಕಲ್ಲ.

ಅಲ್ಲಿ ನೂಲೋರನ್ನ ಕೇಳಿದ್ರು. ರಾಗೀಲಿ ಮುದ್ದೆ ಕಟ್ಟೋರನ್ನ ಯಾರು ಕೇಳ್ತಾರೆ? ಮಂಡ್ಯದಿಂದ ಕೆಎಂಆರ್-340 ಅಂತ ಬಿಳಿ ರಾಗಿ ಬಂದೈತೆ. ಬಿಸ್ಕತ್ತು, ಬ್ರೆಡ್ಡಿಗೆ ಬಣ್ಣ ಚೆನ್ನಾಗಿ ಬರುತ್ತಂತೆ. ಬರ್ಲಿ, ಬೇಕರಿಯೋರೂ ಬದುಕ್ಬೇಕು. ಆದ್ರೆ ದಿನಾ ಎರಡು ಹೊತ್ತು ಕೋಲು ಹಿಡ್ಕಂಡು ತಿರುವೋರು ನಾವು. ಯಾವ ರಾಗಿ ಹಿಟ್ಟು ಎಷ್ಟು ನೀರು ಹಿಡಿಯುತ್ತೆ, ಯಾವ್ದು ಗಂಟು ಕಟ್ಟುತ್ತೆ, ಯಾವ್ದರ ಮುದ್ದೆ ಆರಿದ ಮ್ಯಾಲೆ ಬಿರುಕು ಬಿಡುತ್ತೆ, ಯಾವ್ದು ರಾತ್ರಿ ಉಳಿದ್ರೆ ಬೆಳಿಗ್ಗೆ ಮಜ್ಜಿಗೇಲಿ ಕಿವುಚೋಕೆ ಬರುತ್ತೆ, ಇದನ್ನೆಲ್ಲಾ ಹೇಳೋರು ನಾವೇ. ಬೆಂಬಲ ಬೆಲೇಲಿ ಸರ್ಕಾರ ರಾಗಿ ತಗಳುತ್ತಲ್ಲ, 2025-26ಕ್ಕೆ ಕ್ವಿಂಟಲಿಗೆ 4,886 ರೂಪಾಯಿ, ಅಲ್ಲೂ ತೂಗೋದು ಕಾಳು ಒಂದೇ. ಹುಲ್ಲಿಗೆ ತಕ್ಕಡಿ ಇಲ್ಲ, ಮುದ್ದೆಗೆ ತಕ್ಕಡಿ ಇಲ್ಲ. ತಕ್ಕಡಿ ಇಲ್ಲದ್ದನ್ನ ತಳಿ ಮಾಡೋರು ಹೆಂಗೆ ಲೆಕ್ಕಕ್ಕೆ ತಗತಾರೆ?

ಇನ್ನು ಆರಿಸೋ ವಿದ್ಯೆ. ನಮ್ಮತ್ತೆಗೆ ಓದು ಬರಹ ಇರ್ಲಿಲ್ಲ. ಕೊಯ್ಲಿಗೆ ಆಳು ಇಳಿಯೋಕೆ ಎರಡು ದಿನ ಮುಂಚೆ ಒಬ್ಬರೇ ಹೊಲಕ್ಕೆ ಹೋಗೋರು. ಮಡಿಲಲ್ಲಿ ಒಂದು ಕುಡುಗೋಲು. ಬದಿನ ಪಕ್ಕದ ತೆನೆ ಮುಟ್ತಿರ್ಲಿಲ್ಲ, ತಿಪ್ಪೆ ಹಾಕಿದ್ದ ಜಾಗದ್ದೂ ಮುಟ್ತಿರ್ಲಿಲ್ಲ. 'ಅಲ್ಲಿ ಎಲ್ಲಾರೂ ಜಾಣರೇ ಕಣೇ, ನಡುವೆ ಇದ್ದು ಬಂದೋಳ್ನ ನೋಡು' ಅನ್ನೋರು. ಸುತ್ತಾ ಗಿಡ ಒತ್ತಾಗಿದ್ದು, ನೆಲ ಸಾಧಾರಣ ಇದ್ದು, ಅಲ್ಲಿ ಯಾವ ಗಿಡ ಐದಾರು ತೆಂಡೆ ಹೊಡೆದು ಎಲ್ಲದರಲ್ಲೂ ತುಂಬಿದ ತೆನೆ ಕೊಟ್ಟೈತೋ ಅದನ್ನ ಮಾತ್ರ ಕೊಯ್ದು ತರೋರು. ಕಡ್ಡಿ ಹಿಸುಕಿ ನೋಡೋರು, ಬಗ್ಗಿ ಬುಡದ ಎಲೆ ನೋಡೋರು, ರೋಗದ ಚುಕ್ಕೆ ಇದ್ರೆ ತೆನೆ ಎಷ್ಟೇ ದಪ್ಪ ಇದ್ರೂ ಬ್ಯಾಡ. ತಮ್ಮನ ಮಗ ಇದನ್ನ ಕೇಳಿ, ಅತ್ತೆ ಇದೇ ನಮಗೆ ಪುಸ್ತಕದಲ್ಲಿ ಇರೋದು ಅಂದ. ಬದಿನ ಗಿಡಕ್ಕೆ ಗಾಳಿ ಬೆಳಕು ಜಾಸ್ತಿ, ತಿಪ್ಪೆ ಜಾಗದ ಗಿಡಕ್ಕೆ ಊಟ ಜಾಸ್ತಿ. ಅದರ ದಪ್ಪ ಜಾಗದಿಂದ ಬಂದದ್ದೇ ಹೊರತು ಬೀಜದಿಂದ ಅಲ್ಲ. ಆ ವ್ಯತ್ಯಾಸ ನಮ್ಮತ್ತೆ ಕಂಡ್ಕಂಡಿದ್ರು.

ಆಮೇಲೆ ಏನಾಯ್ತು? ಚೀಲದ ಬೀಜ ಬಂತು, ಕಟಾವು ಮಿಷನ್ನು ಬಂತು. ಹೆಂಗಸ್ರು ಕೊಯ್ಲಿಗೆ ಮುಂಚೆ ಹೊಲಕ್ಕೆ ಹೋಗೋ ಪದ್ಧತಿಯೇ ನಿಂತೋಯ್ತು. ಮಿಷನ್ನು ಹುಲ್ಲನ್ನೂ ಪುಡಿ ಮಾಡಿ ಮಣ್ಣಲ್ಲಿ ಕೆಡವಿ ಹೋಗುತ್ತೆ, ದನ ಮೂಸಿ ನೋಡಲ್ಲ. ಆಳು ಸಿಗಲ್ಲ ಅನ್ನೋ ಕಷ್ಟ ನನಗೂ ಗೊತ್ತು, ಮಿಷನ್ನು ಬ್ಯಾಡ ಅಂತ ಯಾರಿಗೂ ಹೇಳಲ್ಲ. ನಾಲ್ಕು ಸಾಲು ಬಿಟ್ಟು ಹೊಡೆಸಿ ಅಂತೀನಿ ಅಷ್ಟೇ.

ನಾಲ್ಕು ವರ್ಷದಿಂದ ನಾನು ಮಾಡ್ತಿರೋದು ಇಷ್ಟು. ತವರಿನ ಕಡೆಯೋರ ಹತ್ರ ಹುಲ್ಲುಬಿಳಿ ಎರಡು ಸೇರು ಸಿಕ್ತು, ನಮ್ಮೂರಲ್ಲೇ ಒಬ್ರ ಹತ್ರ ಹತ್ತು ಹನ್ನೆರಡು ವರ್ಷದಿಂದ ಮನೇಲೇ ಇಟ್ಕಂಡು ಬಂದ ಜಿಪಿಯು-28 ಇತ್ತು. ಎರಡನ್ನೂ ಹೊಲದ ಒಂದು ಮೂಲೇಲಿ ಪಕ್ಕ ಪಕ್ಕ ಬಿತ್ತಿದ್ವಿ, ಕೊಟ್ಟಿಗೆ ಗೊಬ್ರ ಒಂದೇ ಸಮ. ನಡುವೆ ನಿಂತು ಗೆದ್ದ ಗಿಡಕ್ಕೆ ಕೆಂಪು ದಾರ ಕಟ್ಟಿ, ಒಂದೊಂದು ತೆನೆ ಬೀಜಾನ ಬೇರೆ ಬೇರೆ ಪೊಟ್ಟಣ ಮಾಡಿ, ಮುಂದಿನ ವರ್ಷ ಒಂದು ತೆನೆಗೆ ಒಂದು ಸಾಲು. ಆವಾಗ ಗೊತ್ತಾಗುತ್ತೆ, ಯಾವ ತೆನೆಯ ಮಕ್ಕಳು ನಿಜವಾಗ್ಲೂ ಒಳ್ಳೇವು, ಯಾವ್ದು ಹೋದ ವರ್ಷ ಜಾಗದ ಪುಣ್ಯಕ್ಕೆ ದಪ್ಪ ಬಂದಿತ್ತು ಅಂತ. ರಾಗಿ ತನ್ನಲ್ಲೇ ಕಾಳು ಕಟ್ಟೋ ಗಿಡ ಆದ್ರಿಂದ ಮನೇಲಿಟ್ಟ ಬೀಜ ಮುಸುಕಿನ ಜೋಳದ ಹೈಬ್ರಿಡ್ ಥರ ಮುಂದಿನ ವರ್ಷಕ್ಕೆ ಕೆಡಲ್ಲ. ಇದು ನಾವು ಹೆಂಗಸ್ರು ಮಾಡ್ಬೋದಾದ ಕೆಲಸ. ಎರಡು ತಳಿ ಸೇರಿಸೋ ಕೆಲಸ ನಮ್ಮ ಕೈಲಿ ಆಗಲ್ಲ, ಅದಕ್ಕೆ ವಿಶ್ವವಿದ್ಯಾಲಯವೇ ಬೇಕು. ನಮ್ಮ ಜಿಲ್ಲೆ ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ವಿಶ್ವವಿದ್ಯಾಲಯಕ್ಕೆ ಸೇರುತ್ತೆ. ಅವರು ಸೇರಿಸಿ, ಎರಡ್ನೇ ಮೂರ್ನೇ ತಲೆಮಾರಿನ ಬೀಜವನ್ನೇ ನಮ್ಮ ಕಡೂರು ಸೀಮೆಯ ಗೊಬ್ರ ಕಾಣದ ಹೊಲಗಳಿಗೆ ಕೊಟ್ರೆ, ಆರಿಸೋದನ್ನ ನಾವು ಮಾಡಿ ತೋರಿಸ್ತೀವಿ. ಎಲ್ಲಾ ಮುಗಿದ ಮ್ಯಾಲೆ ಪ್ರಾತ್ಯಕ್ಷಿಕೆ ಅಂತ ಕರೆದು ಕಾಫಿ ಕೊಟ್ಟು ಕಳಿಸೋದು ಬ್ಯಾಡ. ಒಂದು ತಳಿಗೆ ಹತ್ತು ವರ್ಷ ಹಿಡಿಯುತ್ತೆ ಅಂತಾರೆ. ಹಂಗಾದ್ರೆ ಈ ಮಳೆಗಾಲಕ್ಕೇ ಶುರು ಮಾಡ್ಬೇಕು ಅಲ್ವಾ?

ಮೈದುನ ಕೇಳ್ತಾರೆ, ಅತ್ತಿಗೆ, ಅಷ್ಟೆಲ್ಲಾ ಮಾಡಿ ಎಕರೆಗೆ ಎಷ್ಟು ಜಾಸ್ತಿ ಬಂತು ಅಂತ. ಹೋದ ಸುಗ್ಗೀಲಿ ಎರಡು ಎಕರೆಗೆ ಹನ್ನೆರಡೂವರೆ ಕ್ವಿಂಟಲ್. ಪಕ್ಕದ ಯೂರಿಯಾ ಹೊಲದೋರಿಗೆ ಇದಕ್ಕಿಂತ ಜಾಸ್ತಿ ಬಂದೈತೆ, ಸುಳ್ಳು ಹೇಳಲ್ಲ. ಅಡಿಕೆ ದುಡ್ಡಿನ ಮುಂದಂತೂ ಇದು ಲೆಕ್ಕಕ್ಕೇ ಇಲ್ಲ. ಆದ್ರೆ ಅವರ ಬೋರು ಹೋದ ಬೇಸಿಗೇಲಿ ಎರಡು ಸಲ ಕೈಕೊಟ್ಟಿತ್ತು, ಟ್ಯಾಂಕರಲ್ಲಿ ನೀರು ಹೊಡೆಸಿದ್ದು ಎಲ್ರಿಗೂ ಗೊತ್ತು. ನಮ್ಮ ಬಣವೆ ಈ ಸಲ ಆಷಾಢದ ತನಕ ಬಂತು. ಹುಲ್ಲು ಕೊಳ್ಳಲಿಲ್ಲ, ದನ ಮಾರಲಿಲ್ಲ. ಮಾರಿದ್ದ ಹಸದ ಜಾಗಕ್ಕೆ ಒಂದು ಕಡಸು ಬಂದೈತೆ. ಈ ಲೆಕ್ಕಾನೂ ಪಕ್ಕದಲ್ಲಿಟ್ಟು ಆಮೇಲೆ ಮಾತಾಡಾಣ ಅಂದೆ. ಸುಮ್ಮನಾದ್ರು, ಒಪ್ಪಿದ್ರು ಅಂತಲ್ಲ.

ಯುರೋಪಿನಲ್ಲೂ ಈಗ ಇದೇ ಮಾತಂತೆ. ಅಲ್ಲಿ 2022ರಿಂದ ಜಾರಿಯಾದ ಸಾವಯವ ಕಾನೂನಿನಲ್ಲಿ ಸಾವಯವಕ್ಕೆ ಅಂತಲೇ ಮಾಡಿದ ತಳಿಗೆ, ಎಲ್ಲಾ ಗಿಡ ಒಂದೇ ಅಚ್ಚಿನಲ್ಲಿ ಹೊಯ್ದ ಹಂಗೆ ಇಲ್ಲದ ಮಿಶ್ರ ಬೀಜಕ್ಕೂ ಜಾಗ ಕೊಟ್ಟಿದಾರೆ. ನಮ್ಮ ದೇಶದ ಕಾನೂನೂ ನಮ್ಮ ಕೈ ಕಟ್ಟಿಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೇಲಿ, ರೈತರು ತಾವು ಬೆಳೆದ ಬೀಜ ಇಟ್ಕಬೋದು, ಬಿತ್ತಬೋದು, ಬದಲಾಯಿಸ್ಕಬೋದು, ಹಂಚ್ಬೋದು, ಮಾರ್ಬೋದು ಅಂತ ಐತೆ. ಕಂಪನಿ ಬ್ರಾಂಡ್ ಚೀಟಿ ಹಚ್ಚಿ ಮಾರಬಾರ್ದು ಅಷ್ಟೇ. ನಾವು ಸೆರಗಿನ ತುದೀಲಿ ಗಂಟು ಕಟ್ಕಂಡು ಹೋಗಿ ಕೊಡೋ ಬೀಜಕ್ಕೆ ಚೀಟಿ ಯಾಕೆ?

ಹೋದ ಸುಗ್ಗೀಲಿ ದಾರ ಕಟ್ಟಿದ್ದು ನಲವತ್ತು ತೆನೆ. ಅದರಲ್ಲಿ ಹನ್ನೊಂದನ್ನ ಒಪ್ಪಿ ಇಟ್ಕಂಡಿದೀನಿ, ಬೇವಿನೆಲೆ ಹಾಕಿ ಬಟ್ಟೆ ಚೀಲದಲ್ಲಿ ಅಡಿಗೆ ಮನೆ ಗಳುವಿಗೆ ನೇತಾಕೈತೆ. ಉಳಿದ ಬಿತ್ನೆ ರಾಗಿ ವಾಡೇಲಿ ಐತೆ. ಪುನರ್ವಸು ಮಳೆಗೆ ಮುಂಚೆ ಬಂದ್ರೆ ಒಬ್ಬೊಬ್ರಿಗೆ ಒಂದು ಸೇರು ಕೊಡ್ತೀನಿ. ಸಖರಾಯಪಟ್ಟಣದ ಕಡೆಯೋರು, ಬೀರೂರಿನ ನಾದಿನೀರು, ಯಾರೇ ಬರ್ಲಿ. ದುಡ್ಡು ಬ್ಯಾಡ, ನಿಮ್ಮ ಮನೇಲಿ ಹಳೇ ರಾಗಿ ಏನಾದ್ರೂ ಇದ್ರೆ ಒಂದು ಹಿಡಿ ತನ್ನಿ. ತರುವಾಗ ಅದು ಎಷ್ಟು ದಿನದ ಬೆಳೆ, ಹುಲ್ಲು ಎಷ್ಟುದ್ದ ಬರುತ್ತೆ, ಮುದ್ದೆ ಹೆಂಗೆ ಬರುತ್ತೆ ಅಂತ ಒಂದು ಚೀಟೀಲಿ ಬರ್ಕಂಡು ಬನ್ನಿ. ಬರೆಯೋಕೆ ಬರಲ್ಲ ಅನ್ನೋರು ಬಂದು ಬಾಯಲ್ಲಿ ಹೇಳಿ, ನಾನು ಬರ್ಕತೀನಿ.